‘ಏನೂ ಆಗೋದಿಲ್ಲ’ ಎಂದು ಹೇಳಿ ಕಳಿಸಬೇಡಿ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ, ಆರೋಗ್ಯ ಮಾಹಿತಿ ಕಾರ್ಯಕ್ರಮದ ಅಂಗವಾಗಿ ಮಾಡಿದ ಭಾಷಣದ ಬರಹರೂಪ)



ಮನೆಗೆಲಸ ಮುಗಿಸಿ, ಒಂದು ದಿನದ ಕೂಲಿ ಬಿಟ್ಟು, ಕೆಲವರು ಎರಡೆರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದಿದ್ದೀರಿ. ನಿಮ್ಮ ಸಮಯಕ್ಕೆ ಬೆಲೆ ಇದೆ ಅಂತ ನನಗೆ ಗೊತ್ತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರ್ತೇನೆ.

ಕಳೆದ ಸಭೆಯಲ್ಲಿ ನಾವು ರಕ್ತಹೀನತೆಯ ಬಗ್ಗೆ ಮಾತಾಡಿದ್ದೆವು. ಸಭೆ ಮುಗಿದ ಮೇಲೆ ಒಬ್ಬ ಸಹೋದರಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಸಿಸ್ಟರ್, ನಮ್ಮ ಮೈದುನನ ಮಗಳಿಗೆ ಮೂಳೆಯಿಂದ ನೀರು ತೆಗೀಬೇಕು ಅಂತ ಹೇಳಿದ್ದಾರೆ. ಅದು ಮಾಡಿಸಿದ್ರೆ ಕೈಕಾಲು ಬಿದ್ದುಹೋಗ್ತದಂತೆ. ಹೌದಾ?” ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ಕೂಡಲೇ, “ಅಯ್ಯೋ ಏನೂ ಆಗೋದಿಲ್ಲ, ಸುಮ್ನೆ ಕರ್ಕೊಂಡು ಹೋಗಿ” ಅಂದುಬಿಟ್ಟರು.

ಒಬ್ಬರದ್ದು ಹೆದರಿಕೆ, ಇನ್ನೊಬ್ಬರದ್ದು ಧೈರ್ಯ. ಆದರೆ ಸಹೋದರಿಯರೇ, ಎರಡೂ ಮಾತು ತಪ್ಪು. ಕೈಕಾಲು ಬಿದ್ದುಹೋಗ್ತದೆ ಎನ್ನುವುದು ಎಷ್ಟು ತಪ್ಪೋ, ಏನೂ ಆಗೋದೇ ಇಲ್ಲ ಎನ್ನುವುದೂ ಅಷ್ಟೇ ತಪ್ಪು. ಈ ಎರಡನೇ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಮೊದಲು ಅದನ್ನು ಹೇಳಿ ಮುಂದೆ ಹೋಗ್ತೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಒಂದು ಸಂಘದ ಸದಸ್ಯೆ, ವಯಸ್ಸು ಸುಮಾರು ಅರವತ್ತು. ಹೆಸರು ಬೇಡ. ಸುಸ್ತು, ಎಡಪಕ್ಕೆಯ ಕೆಳಗೆ ಭಾರ ಅಂತ ಆಸ್ಪತ್ರೆಗೆ ಹೋಗಿದ್ದರು. ರಕ್ತ ಪರೀಕ್ಷೆ ಮಾಡಿದಾಗ ಪ್ಲೇಟ್‌ಲೆಟ್ ಎನ್ನುವ ಕಣಗಳು ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಇದ್ದವು. ಮಜ್ಜೆ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಅವರು ಚೀಟಿ ಹಿಡಿದುಕೊಂಡು ಹೆದರಿ ನನ್ನ ಹತ್ತಿರ ಬಂದರು. ನಾನು ಅವರ ಬೆನ್ನು ತಟ್ಟಿ, “ಏನೂ ಆಗೋದಿಲ್ಲಮ್ಮ, ಸೊಳ್ಳೆ ಕಚ್ಚಿದ ಹಾಗೆ, ಸಂಜೆಗೆ ಮನೆಗೆ ಬರ್ತೀರಿ” ಅಂದೆ. ಧೈರ್ಯ ತುಂಬುವುದೇ ನನ್ನ ಕೆಲಸ ಎಂದುಕೊಂಡಿದ್ದೆ.

ಆ ತಾಯಿ ಹೃದಯಕ್ಕೆಂದು ಎರಡು ವರ್ಷದಿಂದ ದಿನಾ ರಾತ್ರಿ ಒಂದು ಚಿಕ್ಕ ಮಾತ್ರೆ ನುಂಗುತ್ತಿದ್ದರು. ಅದು ಆಸ್ಪಿರಿನ್. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ. ಆಸ್ಪತ್ರೆಯಲ್ಲಿ “ಏನಾದ್ರೂ ಮಾತ್ರೆ ತಗೊಳ್ತೀರಾ?” ಎಂದು ಕೇಳಿದ್ದಕ್ಕೆ ಇಲ್ಲ ಅಂದರಂತೆ. ಈ ಕಾಯಿಲೆಗೆ ಮಾತ್ರೆ ತಗೊಳ್ತೀರಾ ಅಂತ ಕೇಳಿದ್ದು ಎಂದು ಅವರು ತಿಳಿದುಕೊಂಡಿದ್ದರು. ನಾನೂ ಕೇಳಲಿಲ್ಲ.

ಪರೀಕ್ಷೆ ಮಧ್ಯಾಹ್ನ ಆಯ್ತು. ಸಂಜೆ ಬಸ್ಸಿನಲ್ಲಿ ಮೂರು ಗಂಟೆ ಕೂತು ಊರಿಗೆ ಬಂದರು. ರಾತ್ರಿ ಸೊಂಟದ ನೋವು ಕಮ್ಮಿಯಾಗುವ ಬದಲು ಜಾಸ್ತಿಯಾಗತೊಡಗಿತು. ತೊಡೆಯವರೆಗೆ ಜುಮುಜುಮು ಅಂತಿತ್ತು. ಪಟ್ಟಿಯ ಮೇಲೆ ರಕ್ತ ಕಾಣಲಿಲ್ಲ. ಮನೆಯವರು, “ಸೂಜಿ ಹಾಕಿದ್ದಾರೆ, ನೋವು ಇದ್ದೇ ಇರ್ತದೆ. ಸಿಸ್ಟರೇ ಹೇಳಿದ್ದಾರಲ್ಲ, ಏನೂ ಆಗೋದಿಲ್ಲ ಅಂತ” ಎಂದು ಸಮಾಧಾನ ಮಾಡಿದರು. ಬೆಳಿಗ್ಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಗೊತ್ತಾಯ್ತು: ರಕ್ತ ಹೊರಗೆ ಬಾರದೆ, ಒಳಗೆ ಕೂರುವ ಭಾಗದ ಮಾಂಸದಲ್ಲಿ ಇಡೀ ರಾತ್ರಿ ಸೋರಿ ತುಂಬಿಕೊಂಡಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಎಂಟು ದಿನ ಅಲ್ಲೇ ಇದ್ದರು. ಗುಣವಾದರು.

ನಾನು ನೋಡಲು ಹೋದಾಗ ಅವರು ನನ್ನನ್ನು ಬೈಯಲಿಲ್ಲ. ಒಂದೇ ಮಾತು ಹೇಳಿದರು: “ಸಿಸ್ಟರ್, ಹೀಗೂ ಆಗಬಹುದು ಅಂತ ನೀವು ಹೇಳಿದ್ರೆ ನಾನು ರಾತ್ರಿಯೇ ಮಗನನ್ನು ಎಬ್ಬಿಸ್ತಿದ್ದೆ.”

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಸಮಾಜ ಕಾರ್ಯದಲ್ಲಿ ಡಿಗ್ರಿ ಪಡೆದು ಇಷ್ಟು ವರ್ಷ ಕೆಲಸ ಮಾಡಿದವಳು ನಾನು. ಆದರೂ ಅವರ ಕೈಗೆ ಮಾಹಿತಿ ಕೊಡದೆ ಬರೀ ಸಮಾಧಾನ ಕೊಟ್ಟು ಕಳಿಸಿದ್ದೆ. ಅದಕ್ಕೇ ಇವತ್ತು ಈ ಮಾತು.

ಮಜ್ಜೆ ಎಂದರೇನು?

ಮಾಂಸದಡುಗೆ ಮಾಡುವವರು ನೋಡಿರ್ತೀರಿ. ಎಲುಬು ಮುರಿದರೆ ಒಳಗೆ ಮೆತ್ತಗೆ ಇರುವ ಪದಾರ್ಥವೇ ಮಜ್ಜೆ. ಡಾಕ್ಟರು ‘ಬೋನ್ ಮ್ಯಾರೋ’ ಅಂತಾರೆ. ನಮ್ಮ ದೇಹದ ರಕ್ತ ತಯಾರಾಗುವುದು ಅಲ್ಲೇ. ಕೆಂಪು ಕಣ ಉಸಿರಿನ ಗಾಳಿಯನ್ನು ಮೈಯೆಲ್ಲಾ ಹಂಚುತ್ತದೆ. ಬಿಳಿ ಕಣ ರೋಗದ ವಿರುದ್ಧ ಹೋರಾಡುತ್ತದೆ. ಪ್ಲೇಟ್‌ಲೆಟ್ ಗಾಯವಾದಾಗ ರಕ್ತ ನಿಲ್ಲಿಸುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ನದು ಒಂದು ವಾರ ಹತ್ತು ದಿನ. ಆದ್ದರಿಂದ ಮಜ್ಜೆ ಎಂಬ ಈ ಅಡುಗೆಮನೆಗೆ ಒಂದು ದಿನವೂ ರಜೆ ಇಲ್ಲ.

ಬಡಿಸಿದ ಊಟದಲ್ಲಿ ಏನೋ ಸರಿ ಇಲ್ಲ ಎಂದು ಕಂಡರೆ ಅಡುಗೆಮನೆಗೆ ಹೋಗಿ ನೋಡ್ತೀವಲ್ಲ? ಹಾಗೆಯೇ, ಕೈಯಿಂದ ತೆಗೆದ ರಕ್ತದಲ್ಲಿ ಕಾರಣ ಗೊತ್ತಾಗದಿದ್ದರೆ ಮಜ್ಜೆಯನ್ನು ನೋಡುತ್ತಾರೆ. ರಕ್ತದ ಕಣಗಳು ಕಾರಣವಿಲ್ಲದೆ ಇಳಿದಾಗ ಅಥವಾ ಏರಿದಾಗ, ರಕ್ತದ ಕ್ಯಾನ್ಸರ್ ಅನುಮಾನ ಬಂದಾಗ, ಆ ಕ್ಯಾನ್ಸರ್‌ಗೆ ಕೊಟ್ಟ ಔಷಧಿ ಕೆಲಸ ಮಾಡಿದೆಯೇ ಎಂದು ತಿಳಿಯಲು, ಕೆಲವೊಮ್ಮೆ ಬಹಳ ದಿನದ ಜ್ವರಕ್ಕೆ ಕಾರಣ ಸಿಗದಿದ್ದಾಗ ಈ ಪರೀಕ್ಷೆ ಬೇಕಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ.

ಪರೀಕ್ಷೆ ಹೇಗೆ ಮಾಡ್ತಾರೆ?

ಸೊಂಟದ ಹಿಂಬದಿ, ಸೀರೆ ಕಟ್ಟುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಕೈಯಿಟ್ಟು ಒತ್ತಿದರೆ ಗಟ್ಟಿಯಾಗಿ ಒಂದು ಮೂಳೆ ಸಿಗ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಅಲ್ಲಿಂದಲೇ ತೆಗೆಯುವುದು. ಮಗ್ಗುಲಾಗಿ ಅಥವಾ ಬೋರಲಾಗಿ ಮಲಗಿಸಿ, ಜಾಗವನ್ನು ಔಷಧಿಯಿಂದ ಒರೆಸಿ, ಮರಗಟ್ಟುವ ಇಂಜೆಕ್ಷನ್ ಕೊಡ್ತಾರೆ. ಆಮೇಲೆ ಗಟ್ಟಿ ಸೂಜಿಯನ್ನು ಮೂಳೆಯೊಳಗೆ ಹಾಕಿ ಕೆಲವು ಹನಿ ಮಜ್ಜೆಯನ್ನು ಸಿರಿಂಜಿನಲ್ಲಿ ಎಳೆಯುತ್ತಾರೆ. ಬೇಕಾದರೆ ಬೆಂಕಿಕಡ್ಡಿಯ ಹಾಗಿರುವ ಒಂದು ಚಿಕ್ಕ ಮೂಳೆಯ ಚೂರನ್ನೂ ತೆಗೆಯುತ್ತಾರೆ. ಇದಕ್ಕೆ ಬಯಾಪ್ಸಿ ಅಂತಾರೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ನೋವಾಗ್ತದಾ? ಆಗ್ತದೆ. ಚರ್ಮಕ್ಕೂ ಮೂಳೆಯ ಮೇಲ್ಪದರಕ್ಕೂ ಮರಗಟ್ಟಿಸಬಹುದು, ಮೂಳೆಯ ಒಳಗಡೆಗೆ ಆಗುವುದಿಲ್ಲ. ಮಜ್ಜೆ ಎಳೆಯುವ ಆ ಕೆಲವು ಸೆಕೆಂಡು ಕಾಲಿನವರೆಗೆ ಸೆಳೆದಂತೆ ಜೋರಾದ ನೋವು ಬರ್ತದೆ. ಅದು ಸೊಳ್ಳೆ ಕಚ್ಚಿದ ಹಾಗೆ ಖಂಡಿತ ಅಲ್ಲ. ಹೆರಿಗೆ ನೋವು ತಿಂದವರು ನೀವು, ನಿಮಗೆ ಸುಳ್ಳು ಹೇಳುವ ಅಗತ್ಯ ಇಲ್ಲ. ಮಕ್ಕಳಿಗೆ ಮಂಪರು ಬರಿಸುವ ಔಷಧಿ ಕೊಟ್ಟು ಮಾಡುವ ವ್ಯವಸ್ಥೆ ಅನೇಕ ಕಡೆ ಇದೆ. ಕೇಳಿ ತಿಳಿಯಿರಿ.

ಈಗ ಕೈಕಾಲು ಬೀಳುವ ಮಾತು. ಸೂಜಿ ಹಾಕುವುದು ಸೊಂಟದ ಮೂಳೆಗೆ, ಬೆನ್ನುಹುರಿಗೆ ಅಲ್ಲ. ಬೆನ್ನುಹುರಿ ಇರುವುದು ಬೆನ್ನಿನ ನಡುಗಂಬದ ಒಳಗೆ, ಅದೂ ಸೊಂಟಕ್ಕಿಂತ ಮೇಲೆಯೇ ಮುಗಿದುಹೋಗುತ್ತದೆ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಬೇರೆಯೇ ಇದೆ. ರಕ್ತ ಕ್ಯಾನ್ಸರ್ ಇರುವ ಮಕ್ಕಳಿಗೆ ಕೆಲವೊಮ್ಮೆ ಎರಡನ್ನೂ ಒಂದೇ ದಿನ ಮಾಡುವುದರಿಂದ ಜನರಿಗೆ ಎರಡೂ ಒಂದೇ ಎಂದು ಅನ್ನಿಸಿದೆ. ಇನ್ನು ಮಜ್ಜೆ ತೆಗೆದರೆ ಶಕ್ತಿ ಹೋಗ್ತದೆ ಎನ್ನುವ ಮಾತು. ದೊಡ್ಡವರ ದೇಹದಲ್ಲಿ ಎರಡು ಕಿಲೋಗೂ ಹೆಚ್ಚು ಮಜ್ಜೆ ಇರುತ್ತದೆ. ತೆಗೆಯುವುದು ಒಂದೆರಡು ಚಮಚೆಗೂ ಕಡಿಮೆ. ಅದೂ ಮತ್ತೆ ತುಂಬಿಕೊಳ್ಳುತ್ತದೆ.

ಎಷ್ಟು ಅಪರೂಪ?

ಹಾಗಾದರೆ ನಿಜವಾದ ಅಪಾಯ ಎಷ್ಟು? ಇದರ ಲೆಕ್ಕ ಇಟ್ಟವರು ಇದ್ದಾರೆ. ಇಂಗ್ಲೆಂಡಿನ ಬಾರ್ಬರಾ ಬೇನ್ ಎನ್ನುವ ರಕ್ತರೋಗ ತಜ್ಞೆ ಬ್ರಿಟನ್ನಿನ ಡಾಕ್ಟರುಗಳಿಂದ 1995ರಿಂದ 2001ರವರೆಗಿನ ಮಾಹಿತಿ ಸಂಗ್ರಹಿಸಿ 2003ರಲ್ಲಿ ಪ್ರಕಟಿಸಿದರು. ಅಂದಾಜು 54,890 ಮಜ್ಜೆ ಪರೀಕ್ಷೆಗಳಲ್ಲಿ ಗಂಭೀರ ತೊಂದರೆ ಎಂದು ವರದಿಯಾದದ್ದು 26. ಅದರಲ್ಲಿ 14 ಮಂದಿಗೆ ರಕ್ತಸ್ರಾವ. ಆ 14ರಲ್ಲಿ 6 ಮಂದಿಗೆ ರಕ್ತ ಕೊಡಬೇಕಾಯಿತು, ಒಬ್ಬರು ತೀರಿಕೊಂಡರು. ಸೂಜಿ ಮುರಿದದ್ದು, ಸೋಂಕು ತಗಲಿದ್ದು ಉಳಿದ ತೊಂದರೆಗಳಲ್ಲಿ ಸೇರಿವೆ.

ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಒಂದು ಸಂಘದಲ್ಲಿ 20 ಸದಸ್ಯೆಯರು. ಅಂಥ 100 ಸಂಘಗಳು ಸೇರಿದರೆ 2,000 ಹೆಂಗಸರು. ಅಷ್ಟೂ ಜನರಿಗೆ ಈ ಪರೀಕ್ಷೆ ಮಾಡಿದರೆ ಗಂಭೀರ ತೊಂದರೆ ಆಗುವುದು ಒಬ್ಬರಿಗೆ. ಉಳಿದ 1,999 ಮಂದಿ ಎರಡು ಮೂರು ದಿನ ಸೊಂಟ ನೋವು ಅಂತ ಹೇಳಿ ಮರೆತುಬಿಡ್ತಾರೆ. ಹೆದರಿ ಓಡಿಹೋಗುವಂಥ ಲೆಕ್ಕ ಇದಲ್ಲ. ಆದರೆ ಆ ಒಬ್ಬರು ಯಾರು ಎಂದು ಮುಂಚೆ ಗೊತ್ತಿರುವುದಿಲ್ಲ. ಆ ಒಬ್ಬರು ನಮ್ಮ ಸಂಘದವರೇ ಆಗಿದ್ದರು. ಅದಕ್ಕೇ 2,000 ಜನರೂ ತಿಳಿದುಕೊಂಡಿರಬೇಕು.

ಯಾರಿಗೆ ಅಪಾಯ ಹೆಚ್ಚು ಎಂದೂ ಆ ವರದಿ ತೋರಿಸಿತು. ಮಜ್ಜೆಯೇ ಅತಿಯಾಗಿ ಕಣ ತಯಾರು ಮಾಡುವ ಒಂದು ಜಾತಿಯ ಕಾಯಿಲೆ ಇರುವವರು, ಆಸ್ಪಿರಿನ್ ತೆಗೆದುಕೊಳ್ಳುವವರು. ನಮ್ಮ ಆ ತಾಯಿಗೆ ಎರಡೂ ಇತ್ತು. ಪ್ಲೇಟ್‌ಲೆಟ್ ಜಾಸ್ತಿ ಇದ್ದರೆ ರಕ್ತ ಬೇಗ ನಿಲ್ಲಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಆ ಕಾಯಿಲೆಯಲ್ಲಿ ಕಣಗಳ ಸಂಖ್ಯೆ ಹೆಚ್ಚು, ಕೆಲಸ ಕಡಿಮೆ. ಸಂಘದಲ್ಲಿ ಸದಸ್ಯರು ಮೂವತ್ತು, ಸಭೆಗೆ ಬರುವವರು ಆರು ಎನ್ನುವ ಹಾಗೆ.

ಯಾವ ಯಾವ ತೊಂದರೆ ಆಗಬಹುದು?

1. ರಕ್ತಸ್ರಾವ: ಮೇಲೆ ಕಾಣುವ ರಕ್ತ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಪಾಯ ಇರುವುದು ಕಾಣದ ರಕ್ತದಲ್ಲಿ. ಅದು ಮಾಂಸದೊಳಗೆ ಅಥವಾ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಂಡು ನರವನ್ನು ಒತ್ತಬಹುದು. ಆಗಲೇ ಕಾಲು ಜುಮುಜುಮು ಅನ್ನುವುದು, ಶಕ್ತಿ ಕಮ್ಮಿಯಾಗುವುದು. ಬೇಗ ಬಂದರೆ ಇದಕ್ಕೆ ಚಿಕಿತ್ಸೆ ಇದೆ. ರಕ್ತ ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ವಿಧಾನವೂ ದೊಡ್ಡ ಆಸ್ಪತ್ರೆಗಳಲ್ಲಿ ಇದೆ.

2. ಸೋಂಕು: ಬಿಳಿ ಕಣ ಕಡಿಮೆ ಇರುವವರಿಗೆ ಸೂಜಿ ಹಾಕಿದ ಜಾಗದಲ್ಲಿ ಕೀವು ಆಗಬಹುದು, ಜ್ವರ ಬರಬಹುದು.

3. ಸೂಜಿ ಮುರಿಯುವುದು: ಬಹಳ ಅಪರೂಪ. ಚೂರನ್ನು ಹೊರತೆಗೆಯಲು ಕೆಲವೊಮ್ಮೆ ಸಣ್ಣ ಆಪರೇಷನ್ ಬೇಕಾಗಬಹುದು.

4. ಅಲರ್ಜಿ: ಮರಗಟ್ಟುವ ಔಷಧಿ ಕೆಲವರಿಗೆ ಒಗ್ಗುವುದಿಲ್ಲ. ಮೊದಲು ಹಲ್ಲು ಕೀಳಿಸುವಾಗ, ಹೊಲಿಗೆ ಹಾಕಿಸುವಾಗ ಮೈ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಹೇಳಲೇಬೇಕು.

5. ಎದೆ ಮೂಳೆಯಿಂದ ತೆಗೆಯುವಾಗಿನ ಅಪಾಯ: ರಷ್ಯಾದ ಅರಿಂಕಿನ್ ಎನ್ನುವ ಡಾಕ್ಟರು 1920ರ ದಶಕದಲ್ಲಿ ಎದೆಯ ನಡುಮೂಳೆಯಿಂದ ಮಜ್ಜೆ ತೆಗೆಯುವುದನ್ನು ರೂಢಿಗೆ ತಂದರು. ಆ ಮೂಳೆ ತೆಳು. ಅದರ ಹಿಂದೆಯೇ ಹೃದಯ ಮತ್ತು ದೊಡ್ಡ ರಕ್ತನಾಳಗಳಿವೆ. ಸೂಜಿ ಮೂಳೆ ದಾಟಿ ಹೋದರೆ ಪ್ರಾಣಕ್ಕೇ ಅಪಾಯ. ಹಾಗೆ ಆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಮೂಳೆ ಸವೆದ ವಯಸ್ಸಾದವರಲ್ಲಿ, ಮೂಳೆಯನ್ನೇ ತಿನ್ನುವ ಮಯಲೋಮಾ ಎಂಬ ಕ್ಯಾನ್ಸರ್ ಇರುವವರಲ್ಲಿ ಈ ಭಯ ಹೆಚ್ಚು. ಆದ್ದರಿಂದ ಈಗ ಸೊಂಟದ ಮೂಳೆಗೇ ಮೊದಲ ಆಯ್ಕೆ. ಬಯಾಪ್ಸಿಯ ಚೂರನ್ನಂತೂ ಎದೆ ಮೂಳೆಯಿಂದ ತೆಗೆಯಬಾರದು. ಮಕ್ಕಳಿಗೂ ಎದೆ ಮೂಳೆ ಬೇಡ. ಯಾರಾದರೂ ಎದೆಯಿಂದ ತೆಗೀತೇವೆ ಅಂದರೆ, “ಸೊಂಟದಿಂದ ಯಾಕೆ ಆಗೋದಿಲ್ಲ ಡಾಕ್ಟ್ರೇ?” ಎಂದು ವಿನಯದಿಂದ ಕೇಳಿ. ಕಾರಣ ಇದ್ದರೆ ಹೇಳ್ತಾರೆ.

ಹೋಗುವ ಮುಂಚೆ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಪಿ, ಸಕ್ಕರೆ, ಹೃದಯ, ಕೀಲುನೋವು, ಹಳ್ಳಿ ಔಷಧಿ, ಯಾವುದನ್ನೂ ಬಿಡಬೇಡಿ. ಹೆಸರು ಓದಲು ಬಾರದಿದ್ದರೂ ಪರವಾಗಿಲ್ಲ, ಚೀಲವನ್ನು ಮೇಜಿನ ಮೇಲೆ ಇಡಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಇಂಥವು ರಕ್ತ ತೆಳು ಮಾಡುವ ಔಷಧಿಗಳು. ಒಂದು ಎಚ್ಚರಿಕೆ: ನನ್ನ ಮಾತು ಕೇಳಿ ನೀವಾಗಿಯೇ ಆ ಮಾತ್ರೆ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟರೆ ಅದೇ ದೊಡ್ಡ ಅಪಾಯ. ನಿಲ್ಲಿಸಬೇಕೋ ಬೇಡವೋ, ಎಷ್ಟು ದಿನ ಎಂದು ಹೇಳಬೇಕಾದವರು ಡಾಕ್ಟರು.

ಗಾಯವಾದರೆ ಬೇಗ ರಕ್ತ ನಿಲ್ಲದಿರುವುದು, ವಸಡಿನಲ್ಲಿ ರಕ್ತ, ಮುಟ್ಟಿನಲ್ಲಿ ಅತಿ ಸ್ರಾವ, ಕಿಡ್ನಿ ತೊಂದರೆ, ಗರ್ಭಿಣಿ ಎಂಬ ಅನುಮಾನ, ಇವು ಇದ್ದರೆ ನಾಚಿಕೆ ಬಿಟ್ಟು ಹೇಳಿ. ಪ್ಲೇಟ್‌ಲೆಟ್ ಕಡಿಮೆ ಇದೆ ಎಂದ ಮಾತ್ರಕ್ಕೆ ಈ ಪರೀಕ್ಷೆ ಮಾಡಬಾರದು ಎಂದೇನಿಲ್ಲ. ಮುಂಚೆ ಗೊತ್ತಿದ್ದರೆ ಹೆಚ್ಚು ಹೊತ್ತು ಒತ್ತಿ ಹಿಡಿದು ಎಚ್ಚರ ವಹಿಸ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಕೇಳ್ತಾರೆ. ಬಹಳ ಕಡೆ ಅದು ಇಂಗ್ಲಿಷಿನಲ್ಲಿರುತ್ತದೆ. ಸಂಘದ ಸಾಲದ ಪತ್ರಕ್ಕೆ ಓದಿಸದೆ ಸಹಿ ಹಾಕ್ತೀರಾ? ಇಲ್ಲ ತಾನೆ? ಇದಕ್ಕೂ ಹಾಕಬೇಡಿ. “ಕನ್ನಡದಲ್ಲಿ ಹೇಳಿ” ಎಂದು ಕೇಳುವುದು ನಿಮ್ಮ ಹಕ್ಕು. ಐದು ಪ್ರಶ್ನೆ ನೆನಪಿಟ್ಟುಕೊಳ್ಳಿ: ಈ ಪರೀಕ್ಷೆ ಯಾಕೆ? ಎಲ್ಲಿಂದ ತೆಗೀತೀರಿ? ನನಗೆ ಯಾವ ಅಪಾಯ ಇದೆ? ನನ್ನ ಮಾತ್ರೆ ಏನು ಮಾಡಲಿ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಲಿ?

ಮನೆಗೆ ಬಂದ ಮೇಲೆ

ಪರೀಕ್ಷೆ ಮುಗಿದ ಕೂಡಲೇ ಎದ್ದು ಬಸ್ಸಿಗೆ ಓಡಬೇಡಿ. ಗಾಯದ ಭಾಗ ಒತ್ತುವಂತೆ ಬೆನ್ನಡಿಯಾಗಿ ಮಲಗಲು ಹೇಳ್ತಾರೆ. ಅವರು ಹೇಳಿದಷ್ಟು ಹೊತ್ತು ಮಲಗಿ. ಊರು ದೂರ ಇದ್ದರೆ, ರಕ್ತಸ್ರಾವದ ಭಯ ಇದೆ ಎಂದು ಡಾಕ್ಟರು ಹೇಳಿದ್ದರೆ, ಆ ರಾತ್ರಿ ಆಸ್ಪತ್ರೆಗೆ ಹತ್ತಿರ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಪಟ್ಟಿಯನ್ನು ಒಂದು ದಿನ ಒದ್ದೆ ಮಾಡಬೇಡಿ. ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ. ಕೆಲವು ದಿನ ನೀರಿನ ಕೊಡ, ಸೌದೆ ಹೊರೆ ಎತ್ತಬೇಡಿ. ನೋವಿಗೆ ಡಾಕ್ಟರು ಬರೆದದ್ದನ್ನೇ, ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ತೆಗೆದುಕೊಳ್ಳಿ. ಅಂಗಡಿಯವರು ಕೊಡುವ ಬೇರೆ ನೋವಿನ ಮಾತ್ರೆಗಳಲ್ಲಿ ರಕ್ತಸ್ರಾವ ಹೆಚ್ಚಿಸುವಂಥವು ಇವೆ.

ಈ ಕೆಳಗಿನ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ:

• ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ
• ಕಮ್ಮಿಯಾಗುವ ಬದಲು ಗಂಟೆ ಗಂಟೆಗೂ ಏರುವ ನೋವು, ಊತ, ಸೊಂಟದ ಕೆಳಗೆ ಹರಡುವ ಕಪ್ಪು ನೀಲಿ ಬಣ್ಣ
• ಕಾಲು ಜುಮುಗುಟ್ಟುವುದು, ಮರಗಟ್ಟುವುದು, ಎತ್ತಲು ಆಗದಿರುವುದು
• ತಲೆಸುತ್ತು, ತಣ್ಣನೆ ಬೆವರು, ಎದೆ ಬಡಿತ ಜೋರು
• ಎದೆ ಮೂಳೆಯಿಂದ ತೆಗೆದಿದ್ದರೆ ಎದೆನೋವು, ಉಸಿರಾಟಕ್ಕೆ ಕಷ್ಟ
• ನಂತರದ ದಿನಗಳಲ್ಲಿ ಜ್ವರ, ಚಳಿ, ಗಾಯದಲ್ಲಿ ಕೆಂಪು, ಕೀವು

ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೋದ ಕಡೆ, “ನಿನ್ನೆ ಮಜ್ಜೆ ಪರೀಕ್ಷೆ ಆಗಿದೆ” ಎಂದು ಮೊದಲ ಮಾತಿನಲ್ಲೇ ಹೇಳಿ. ಇಲ್ಲದಿದ್ದರೆ ಬರೀ ಸೊಂಟನೋವು ಎಂದು ಇಂಜೆಕ್ಷನ್ ಕೊಟ್ಟು ಕಳಿಸುವ ಸಾಧ್ಯತೆ ಇದೆ.

ಹೆದರಿ ಬಿಟ್ಟರೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಕಥೆ ಹೇಳದಿದ್ದರೆ ನಾನು ಎರಡನೇ ತಪ್ಪು ಮಾಡಿದ ಹಾಗೆ ಆಗ್ತದೆ. ಆ ತಾಯಿಗೆ ರಕ್ತಸ್ರಾವ ಆದ ಸುದ್ದಿ ಊರೆಲ್ಲಾ ಹಬ್ಬಿತು. ಬಾಯಿಂದ ಬಾಯಿಗೆ ಬೆಳೆದು ಕೊನೆಗೆ, “ಸೂಜಿ ಹಾಕಿದ ಕೂಡಲೇ ಕಾಲು ಹೋಯ್ತಂತೆ” ಎಂದಾಯಿತು. ಅದೇ ಊರಿನ ಇನ್ನೊಬ್ಬ ಹೆಂಗಸು, ಇಬ್ಬರು ಮಕ್ಕಳ ತಾಯಿ. ಆಕೆಗೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿದಿದ್ದವು. ಮಜ್ಜೆ ಪರೀಕ್ಷೆ ಮಾಡಿಸಲು ಹೇಳಿದರೆ ಆಕೆ ಒಪ್ಪಲಿಲ್ಲ. ಮೂರು ತಿಂಗಳು ಕ್ಯಾನ್ಸರ್ ಇರಬಹುದು ಎಂಬ ಭಯದಲ್ಲೇ ಕಳೆದಳು. ಮಕ್ಕಳನ್ನು ಯಾರಿಗೆ ಬಿಡಲಿ ಎಂದು ತಂಗಿಯ ಹತ್ತಿರ ಅಳುತ್ತಿದ್ದಳಂತೆ. ಕೊನೆಗೆ ಮೆಟ್ಟಿಲು ಹತ್ತಲೂ ಆಗದಾಗ ಒಪ್ಪಿದಳು.

ವರದಿ ಏನು ಬಂತು ಗೊತ್ತಾ? ಕ್ಯಾನ್ಸರ್ ಅಲ್ಲ. ವಿಟಮಿನ್ ಬಿ-12ರ ತೀವ್ರ ಕೊರತೆ. ನಮ್ಮ ದೇಶದಲ್ಲಿ ಮೂರೂ ಕಣ ಒಟ್ಟಿಗೆ ಇಳಿಯಲು ಇದೂ ಒಂದು ಸಾಮಾನ್ಯ ಕಾರಣ. ಹಾಲು, ಮೊಟ್ಟೆ, ಮೀನು, ಮಾಂಸ ಯಾವುದೂ ಸರಿಯಾಗಿ ಸಿಗದವರಿಗೆ ಬರುತ್ತದೆ. ಕಡಿಮೆ ಬೆಲೆಯ ಇಂಜೆಕ್ಷನ್ನಿನಲ್ಲಿ ಗುಣವಾಗುವ ಕಾಯಿಲೆ. ಕೆಲವು ವಾರಗಳಲ್ಲಿ ಆಕೆ ಮತ್ತೆ ತೋಟದ ಕೆಲಸಕ್ಕೆ ಹೋದಳು. ಆ ಮೂರು ತಿಂಗಳ ಕಣ್ಣೀರಿಗೆ ಯಾರು ಹೊಣೆ? ಆಕೆಗೆ ನಿಜ ಸಂಗತಿ ತಿಳಿಸದ ನಾವೆಲ್ಲರೂ.

ಅದೇ ತೀವ್ರ ರಕ್ತ ಕ್ಯಾನ್ಸರ್ ಆಗಿದ್ದರೆ ಮೂರು ತಿಂಗಳು ಕಾಯುತ್ತಿರಲಿಲ್ಲ. ಅಲ್ಲಿ ಲೆಕ್ಕ ಇರುವುದು ದಿನಗಳಲ್ಲಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್ ಬೇಗ ಗುರುತಿಸಿ ಪೂರ್ತಿ ಚಿಕಿತ್ಸೆ ಕೊಟ್ಟರೆ ಇಂದು ಬಹಳಷ್ಟು ಮಕ್ಕಳಲ್ಲಿ ಗುಣವಾಗುತ್ತದೆ. ಆದ್ದರಿಂದ 2,000ದಲ್ಲಿ ಒಬ್ಬರಿಗೆ ಆಗುವ ತೊಂದರೆಯನ್ನು ಒಂದು ತಟ್ಟೆಯಲ್ಲಿಡಿ, ಕಾಯಿಲೆ ಏನೆಂದೇ ಗೊತ್ತಾಗದೆ ಉಳಿಯುವ ಅಪಾಯವನ್ನು ಇನ್ನೊಂದು ತಟ್ಟೆಯಲ್ಲಿಡಿ. ಡಾಕ್ಟರು ಕಾರಣ ಕೊಟ್ಟು ಬೇಕು ಎಂದಾಗ ಯಾವುದು ಭಾರ ಎಂದು ನೀವೇ ನೋಡಿ.

ರಕ್ತಸ್ರಾವವಾದ ಆ ತಾಯಿಯ ವರದಿಯೂ ವ್ಯರ್ಥವಾಗಲಿಲ್ಲ. ಕಾಯಿಲೆ ಯಾವುದೆಂದು ಗೊತ್ತಾಯಿತು, ಮಾತ್ರೆ ಶುರುವಾಯಿತು. ಇವತ್ತಿಗೂ ವಾರದ ಸಭೆಗೆ ಬರ್ತಾರೆ. ಆದರೆ ಅವರ ಹತ್ತಿರ ಯಾರಾದರೂ ‘ಏನೂ ಆಗೋದಿಲ್ಲ’ ಅಂದರೆ ನನ್ನ ಕಡೆ ತಿರುಗಿ ನಗ್ತಾರೆ.

ಸಂಘ ಏನು ಮಾಡಬಹುದು?

ಸದಸ್ಯೆಯ ಮನೆಯಲ್ಲಿ ಯಾರಿಗಾದರೂ ಈ ಪರೀಕ್ಷೆ ಬರೆದರೆ ಅದನ್ನು ಸಭೆಯಲ್ಲಿ ತಿಳಿಸಲಿ. ಸಂಘದಿಂದ ಒಬ್ಬರು ಜೊತೆಗೆ ಹೋಗಲಿ. ಪ್ರಯಾಣಕ್ಕೆ, ಒಂದು ರಾತ್ರಿ ಉಳಿಯಲು ಆಂತರಿಕ ಸಾಲ ಕೊಡುವ ಬಗ್ಗೆ ನಿರ್ಣಯ ಪುಸ್ತಕದಲ್ಲಿ ಈಗಲೇ ಬರೆದಿಡಿ. ತುರ್ತು ಬಂದಾಗ ಕೋರಂಗೆ ಕಾಯುವಂತಾಗಬಾರದು. ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ನೆರವು ಇದೆ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಪರೀಕ್ಷೆಯ ಖರ್ಚು ಅದರಲ್ಲಿ ಸೇರುತ್ತದೆಯೇ ಎಂದು ಮುಂಚಿತವಾಗಿ ಕೇಳಿ.

ಪರೀಕ್ಷೆ ಆದ ರಾತ್ರಿ ಪಕ್ಕದ ಮನೆಯ ಸದಸ್ಯೆ ಎರಡು ಸಲ ಹೋಗಿ ಮಾತಾಡಿಸಿ ಬರಲಿ. “ನೋವು ಕಮ್ಮಿಯಾಗ್ತಿದೆಯಾ, ಜಾಸ್ತಿಯಾಗ್ತಿದೆಯಾ?” ಈ ಒಂದು ಪ್ರಶ್ನೆ ಸಾಕು. ಅವತ್ತು ಯಾರಾದರೂ ಆ ಪ್ರಶ್ನೆ ಕೇಳಿದ್ದರೆ, ಆ ತಾಯಿ ಬೆಳಿಗ್ಗೆ ಬೀಳುತ್ತಿರಲಿಲ್ಲ.

ಕಳೆದ ಸಭೆಯಲ್ಲಿ ಪ್ರಶ್ನೆ ಕೇಳಿದ ಸಹೋದರಿ ಇವತ್ತೂ ಬಂದಿದ್ದಾರೆ. ಮಗುವಿಗೆ ಮುಂದಿನ ಮಂಗಳವಾರ ಪರೀಕ್ಷೆ. ಅವರಿಗೆ ನಾನು ಹೇಳುವುದು ಇಷ್ಟು: ಕೈಕಾಲು ಬೀಳುವುದಿಲ್ಲ. ಸ್ವಲ್ಪ ನೋವಾಗ್ತದೆ. ಅಪರೂಪಕ್ಕೆ ರಕ್ತ ಸೋರಬಹುದು, ಕೀವಾಗಬಹುದು. ಅದು ಹೇಗೆ ಕಾಣಿಸುತ್ತದೆ ಎಂದು ಈಗ ನಿಮಗೆ ಗೊತ್ತು, ಎಲ್ಲಿಗೆ ಹೋಗಬೇಕು ಎಂದೂ ಗೊತ್ತು. ಹೋಗಿ ಬನ್ನಿ. ಮಂಗಳವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ಬರ್ತೇನೆ. ಮಾತ್ರೆ ಚೀಲ ಮರೆಯಬೇಡಿ.